ಜೂನ್ 12ರೋ, ಜುಲೈ 4ರೋ? ಮನೆ ಗುಂಪಿನಲ್ಲಿ ಫಿಲಿಪ್ಪೀನ್ಸ್ ಜಗಳ

ಗುಂಪು: ನಮ್ಮ ಮನೆಯವರು
ಜೂನ್ 12, ಬೆಳಿಗ್ಗೆ

ದೊಡ್ಡಪ್ಪ: (ಫಾರ್ವರ್ಡ್ ಆದ ಸಂದೇಶ) ನಿಮಗೆ ಗೊತ್ತೇ? 1521ರಲ್ಲಿ ಸ್ಪೇನ್ ಕಳಿಸಿದ ನಾವಿಕ ಮೆಗೆಲ್ಲನ್ ಫಿಲಿಪ್ಪೀನ್ಸನ್ನು ಗೆದ್ದ. ಸ್ಪೇನ್ 333 ವರ್ಷ ಆ ದೇಶವನ್ನು ಆಳಿತು. ಧರ್ಮ, ಹೆಸರು, ಊರು ಎಲ್ಲ ಕೊಟ್ಟಿದ್ದು ಸ್ಪೇನ್. 1898ರಲ್ಲಿ ಅಮೆರಿಕ ಬಂದು ಆ ಜನರನ್ನು ಬಿಡಿಸಿತು. ಶಾಲೆ, ರಸ್ತೆ, ಆಸ್ಪತ್ರೆ ಕಟ್ಟಿತು. 1946ರ ಜುಲೈ 4ರಂದು ಒಂದು ತೊಟ್ಟು ರಕ್ತವೂ ಚೆಲ್ಲದೆ ಸ್ವಾತಂತ್ರ್ಯ ಕೊಟ್ಟು ಹೊರಟುಹೋಯಿತು. ಇಂಥ ಉದಾರ ದೇಶ ಇನ್ನೊಂದಿಲ್ಲ! ಓದಿ, ಹಂಚಿ 🙏

ಸುಮತ್ತೆ: ಚೆನ್ನಾಗಿದೆ ಅಣ್ಣ. ಅನು ಅಲ್ಲೇ ಓದುತ್ತಿದ್ದರೂ ಆ ದೇಶದ ಬಗ್ಗೆ ನನಗೆ ಇಷ್ಟೆಲ್ಲ ಗೊತ್ತಿರಲಿಲ್ಲ.

ಅನು (ದಾವಾವೊ): ಮಾವ, ಇಲ್ಲಿ ಸ್ವಾತಂತ್ರ್ಯ ದಿನ ಇವತ್ತು. ಜೂನ್ 12. ಕಾಲೇಜಿಗೆ ರಜೆ, ಊರೆಲ್ಲ ಬಾವುಟ. ಜುಲೈ 4ಕ್ಕೆ ಇಲ್ಲಿ ರಜೆಯೂ ಇಲ್ಲ.

ದೊಡ್ಡಪ್ಪ: ಹಾಗಾದರೆ ಅವರಿಗೇ ತಮ್ಮ ದಿನ ಗೊತ್ತಿಲ್ಲವೇನಮ್ಮ? ಅಮೆರಿಕ ಬಾವುಟ ಇಳಿಸಿದ್ದು 1946ರ ಜುಲೈ 4ಕ್ಕೆ. ಅದು ಸುಳ್ಳಲ್ಲವಲ್ಲ.

ನಾನು: ದೊಡ್ಡಪ್ಪ, ಅದು ಸುಳ್ಳಲ್ಲ. ಆದರೆ ಈ ಸಂದೇಶ 1898ರಿಂದ ಒಂದೇ ನೆಗೆತಕ್ಕೆ 1946ಕ್ಕೆ ಹೋಗಿಬಿಟ್ಟಿದೆ. ನಡುವೆ ಒಂದು ದೊಡ್ಡ ಯುದ್ಧ ಇದೆ. ಸ್ಪೇನ್ ಜೊತೆ ಅಲ್ಲ, ಅಮೆರಿಕದ ಜೊತೆ. ಅದನ್ನು ಬಿಟ್ಟು "ಒಂದು ತೊಟ್ಟು ರಕ್ತವೂ ಇಲ್ಲ" ಅಂತ ಬರೆದರೆ ಸತ್ತವರಿಗೆ ಅನ್ಯಾಯ.

ನಾನು: ಮೊದಲ ಸಾಲೂ ತಪ್ಪು. ಮೆಗೆಲ್ಲನ್ ಗೆಲ್ಲಲಿಲ್ಲ, ಸತ್ತ. 1521ರ ಏಪ್ರಿಲ್ 27ರಂದು ಮಕ್ತಾನ್ ದ್ವೀಪದಲ್ಲಿ ಲಾಪುಲಾಪು ಎಂಬ ನಾಯಕನ ಜನ ಅವನನ್ನು ಕೊಂದರು. ಸ್ಪೇನಿನವರು ನೆಲೆ ಊರಿದ್ದು 1565ರಲ್ಲಿ, ಲೆಗಾಸ್ಪಿ ಎಂಬ ಸ್ಪೇನಿನ ಸೇನಾನಿ ಸೆಬು ದ್ವೀಪಕ್ಕೆ ಬಂದಾಗ. ಮನಿಲಾ ಅವರ ಕೈಗೆ ಸಿಕ್ಕಿದ್ದು 1571ರಲ್ಲಿ. 333 ವರ್ಷದ ಲೆಕ್ಕ ಶುರುವಾಗುವುದೇ 1565ರಿಂದ. 1521ರಿಂದ ಎಣಿಸಿದರೆ 377 ಆಗುತ್ತದೆ.

ಅನು (ದಾವಾವೊ): ನಾನಿರುವ ದಾವಾವೊ ಕಡೆಗೆ ಸ್ಪೇನಿನವರು ಬಂದಿದ್ದು 1848ರಲ್ಲಿ ಅಂತೆ. ಈ ಮಿಂದನಾವೊ ದ್ವೀಪದಲ್ಲಿ ಮುಸ್ಲಿಂ ಸುಲ್ತಾನರು ಇದ್ದರು. ಅವರನ್ನು ಪೂರ್ತಿ ಮಣಿಸಲು ಕೊನೆಯವರೆಗೂ ಆಗಲಿಲ್ಲ.

ಸುಮತ್ತೆ: ಮತ್ತೆ ನಿನ್ನ ಕ್ಲಾಸಿನವರ ಹೆಸರೆಲ್ಲ ಗಾರ್ಸಿಯಾ, ಸಾಂತೋಸ್, ರೇಯೆಸ್ ಅಂತ ಇದೆಯಲ್ಲೇ? ಅವರೆಲ್ಲ ಸ್ಪೇನ್ ಮೂಲದವರು ಅಂದುಕೊಂಡಿದ್ದೆ.

ನಾನು: ಅಲ್ಲ ಅತ್ತೆ. 1849ರಲ್ಲಿ ಕ್ಲಾವೇರಿಯಾ ಎಂಬ ಗವರ್ನರ್ ಒಂದು ಆಜ್ಞೆ ಹೊರಡಿಸಿದ. ಹೆಸರುಗಳ ಒಂದು ದೊಡ್ಡ ಪಟ್ಟಿ ಮಾಡಿಸಿ ಊರೂರಿಗೆ ಹಂಚಿದ. ಮನೆತನದ ಹೆಸರು ಇಲ್ಲದವರು ಅದರಿಂದ ಒಂದು ತೆಗೆದುಕೊಳ್ಳಬೇಕಿತ್ತು. ತೆರಿಗೆ ವಸೂಲಿಗೆ ಲೆಕ್ಕ ಸುಲಭವಾಗಲಿ ಅಂತ. ಕೆಲವು ಊರುಗಳಲ್ಲಿ ಇವತ್ತಿಗೂ ಜಾಸ್ತಿ ಜನರ ಹೆಸರು ಒಂದೇ ಅಕ್ಷರದಿಂದ ಶುರುವಾಗುತ್ತದೆ. "ಹೆಸರು ಕೊಟ್ಟಿತು" ಅಂದರೆ ಹೀಗೆ ಕೊಟ್ಟಿತು.

ನಾನು: ಇನ್ನು ಊರು ಕಟ್ಟಿದ್ದು. 16ರಿಂದ 60 ವರ್ಷದೊಳಗಿನ ಗಂಡಸರು ವರ್ಷಕ್ಕೆ 40 ದಿನ ಬಿಟ್ಟಿ ದುಡಿಯಬೇಕಿತ್ತು. ಕಾಡಿನಲ್ಲಿ ಮರ ಕಡಿಯುವುದು, ಹಡಗು ಕಟ್ಟುವುದು, ಚರ್ಚು ಕಟ್ಟುವುದು. ಮನಿಲಾದಿಂದ ಮೆಕ್ಸಿಕೋದ ಅಕಾಪುಲ್ಕೊಗೆ 250 ವರ್ಷ ಓಡಾಡಿದ ದೊಡ್ಡ ಹಡಗುಗಳಲ್ಲಿ ಬಹುಪಾಲು ಈ ಜನರ ಕೈಯಲ್ಲೇ ತಯಾರಾದವು. ಚೀನಾದ ರೇಷ್ಮೆ ಆ ಕಡೆ ಹೋಯಿತು, ಬೆಳ್ಳಿ ಈ ಕಡೆ ಬಂತು. ಮರ ಕಡಿದವನಿಗೆ ಎರಡೂ ಸಿಗಲಿಲ್ಲ.

ಅಪ್ಪ: ಆ ಹಡಗುಗಳಲ್ಲಿ ನಮ್ಮ ದೇಶದ ಹತ್ತಿ ಬಟ್ಟೆಯೂ ಹೋಗುತ್ತಿತ್ತು. 1762ರಲ್ಲಿ ಬ್ರಿಟಿಷರು ಮದ್ರಾಸಿನಿಂದ ಸೈನ್ಯ ಕಳಿಸಿ ಮನಿಲಾವನ್ನೇ ಹಿಡಿದಿದ್ದರು. 1764ರವರೆಗೆ ಇಟ್ಟುಕೊಂಡಿದ್ದರು. ಆ ಸೈನ್ಯದಲ್ಲಿ ನಮ್ಮ ಕಡೆಯ ಸಿಪಾಯಿಗಳೂ ಇದ್ದರು. ಕೆಲವರು ವಾಪಸ್ ಬರದೆ ಮನಿಲಾ ಹತ್ತಿರದ ಕೈಂತಾ ಎಂಬ ಊರಿನಲ್ಲೇ ಉಳಿದು ಮದುವೆ ಮಾಡಿಕೊಂಡರು.

ಅನು (ದಾವಾವೊ): ಹೌದಾ ಮಾವ! ಇದು ಗೊತ್ತೇ ಇರಲಿಲ್ಲ.

ದೊಡ್ಡಪ್ಪ: ಸರಿ, ಸ್ಪೇನ್ ಕೆಟ್ಟದ್ದು ಅಂತಲೇ ಇಟ್ಟುಕೊಳ್ಳೋಣ. ಅದಕ್ಕೇ ತಾನೆ ಅಮೆರಿಕ ಬಂದು ಬಿಡಿಸಿದ್ದು?

ನಾನು: ಇಲ್ಲೇ ನನಗೆ ನೋವಾಗುವುದು ದೊಡ್ಡಪ್ಪ. ದಯವಿಟ್ಟು ಇದೊಂದು ಪೂರ್ತಿ ಓದಿ.

1892ರಲ್ಲಿ ಬೊನಿಫಾಸಿಯೊ ಎಂಬುವನು ಸ್ಪೇನ್ ವಿರುದ್ಧ ಗುಪ್ತ ಸಂಘ ಕಟ್ಟಿದ. 1896ರಲ್ಲಿ ದಂಗೆ ಶುರುವಾಯಿತು. ಆ ವರ್ಷ ಡಿಸೆಂಬರ್ 30ರಂದು ಸ್ಪೇನಿನವರು ಹೊಸೆ ರಿಸಾಲ್‌ನನ್ನು ಗುಂಡಿಟ್ಟು ಕೊಂದರು. ಕಣ್ಣಿನ ಡಾಕ್ಟರ್ ಆತ. ಕೈಯಲ್ಲಿ ಬಂದೂಕು ಹಿಡಿದವನಲ್ಲ, ಎರಡು ಕಾದಂಬರಿ ಬರೆದವನು. 1898ರ ಮಧ್ಯದಲ್ಲಿ ದಂಗೆಯ ನಾಯಕ ಅಗಿನಾಲ್ಡೊನ ಸೈನ್ಯ ಮನಿಲಾವನ್ನು ಸುತ್ತುವರಿದಿತ್ತು. ಜೂನ್ 12ರಂದು ಕವಿತ್ ಎಂಬ ಊರಿನ ತನ್ನ ಮನೆಯಲ್ಲಿ ಅವನು ಸ್ವಾತಂತ್ರ್ಯ ಘೋಷಿಸಿದ. ಅನು ಹೇಳಿದ ದಿನ ಇದೇ.

ಆಮೇಲೆ ಏನಾಯಿತು? ಆ ವರ್ಷ ಸ್ಪೇನ್ ಜೊತೆ ಯುದ್ಧಕ್ಕಿಳಿದ ಅಮೆರಿಕದ ಸೈನ್ಯವೂ ಅಲ್ಲಿಗೆ ಬಂದಿತ್ತು. ಸ್ಪೇನಿನ ಗವರ್ನರ್ ಸೋಲುವುದಾದರೆ ಅಮೆರಿಕದವರಿಗೇ ಸೋಲುತ್ತೇನೆ, ಫಿಲಿಪ್ಪೀನ್ಸ್ ಜನರಿಗೆ ಅಲ್ಲ ಅಂತ ಹಟ ಹಿಡಿದ. ಇಬ್ಬರೂ ಒಳಗೊಳಗೇ ಮಾತಾಡಿಕೊಂಡು ಆಗಸ್ಟ್ 13ರಂದು ಒಂದು ನಾಟಕದ ಯುದ್ಧ ಮಾಡಿದರು. ಸ್ವಲ್ಪ ಹೊತ್ತು ಗುಂಡು ಹಾರಿಸುವುದು, ಆಮೇಲೆ ಬಿಳಿ ಬಾವುಟ. ಅಷ್ಟು ದಿನ ಹೋರಾಡಿದವರನ್ನು ಊರೊಳಗೆ ಬಿಡಲಿಲ್ಲ. ತಮ್ಮದೇ ರಾಜಧಾನಿಯ ಹೊರಗೆ ನಿಲ್ಲಿಸಿದರು.

ಡಿಸೆಂಬರ್ 10ಕ್ಕೆ ಪ್ಯಾರಿಸ್ ಒಪ್ಪಂದ. ಅಮೆರಿಕ 2 ಕೋಟಿ ಡಾಲರ್ ಕೊಟ್ಟಿತು, ಸ್ಪೇನ್ ದ್ವೀಪಗಳನ್ನು ಬರೆದುಕೊಟ್ಟಿತು. ಫಿಲಿಪ್ಪೀನ್ಸಿನ ಪ್ರತಿನಿಧಿ ಅಗೊನ್ಸಿಲ್ಲೊ ಪ್ಯಾರಿಸಿಗೆ ಹೋಗಿದ್ದ. ಅವನನ್ನು ಮಾತುಕತೆಗೆ ಸೇರಿಸಿಕೊಳ್ಳಲೇ ಇಲ್ಲ. ಒಳಗೆ ಜನ ಇರುವ ಮನೆಯನ್ನು ಅವರನ್ನು ಕೇಳದೆ ಮಾರಿದ ಹಾಗೆ.

ಭಾವ (ನ್ಯೂಜೆರ್ಸಿ): ಒಂದು ಮಾತು. ಆಗ ಅಮೆರಿಕ ಬಿಟ್ಟು ಹೋಗಿದ್ದರೆ ಜರ್ಮನಿಯೋ ಜಪಾನೋ ಆ ದ್ವೀಪಗಳನ್ನು ನುಂಗುತ್ತಿತ್ತು. ಜರ್ಮನಿಯ ಯುದ್ಧ ಹಡಗುಗಳು ಮನಿಲಾ ಕೊಲ್ಲಿಯಲ್ಲೇ ಕಾದಿದ್ದವು. ಅದನ್ನೂ ಹೇಳಬೇಕು.

ನಾನು: ಕಾದಿದ್ದು ನಿಜ ಭಾವ. ಕಾಪಾಡುವುದೇ ಉದ್ದೇಶ ಆಗಿದ್ದರೆ ಅವರ ಸರ್ಕಾರವನ್ನು ಒಪ್ಪಿಕೊಂಡು ಕಾಪಾಡಬಹುದಿತ್ತು. 1899ರ ಜನವರಿಯಲ್ಲಿ ಮನಿಲಾ ಹತ್ತಿರದ ಮಲೋಲೋಸ್‌ನಲ್ಲಿ ಅವರದೇ ಸಂವಿಧಾನ, ಅವರದೇ ಗಣರಾಜ್ಯ ಆಗಿತ್ತು. ಫೆಬ್ರುವರಿ 4ಕ್ಕೆ ಅಮೆರಿಕದ ಜೊತೆ ಯುದ್ಧ ಶುರುವಾಯಿತು. 4,200ಕ್ಕೂ ಜಾಸ್ತಿ ಅಮೆರಿಕನ್ ಸೈನಿಕರು, 20,000ಕ್ಕೂ ಜಾಸ್ತಿ ಫಿಲಿಪ್ಪೀನ್ಸ್ ಹೋರಾಟಗಾರರು ಸತ್ತರು. ಗುಂಡು, ಹಸಿವು, ಕಾಯಿಲೆ ಸೇರಿ ಸತ್ತ ಸಾಮಾನ್ಯ ಜನ 2 ಲಕ್ಷದವರೆಗೆ. ಇದು ಅಮೆರಿಕ ಸರ್ಕಾರದ ಇತಿಹಾಸ ಕಚೇರಿಯೇ ಕೊಡುವ ಅಂದಾಜು. ಸಮರ್ ದ್ವೀಪದಲ್ಲಿ ಜೇಕಬ್ ಸ್ಮಿತ್ ಎಂಬ ಜನರಲ್ ಹತ್ತು ವರ್ಷ ಮೇಲ್ಪಟ್ಟವರನ್ನು ಕೊಲ್ಲಿ ಅಂತ ಆಜ್ಞೆ ಕೊಟ್ಟಿದ್ದ. ಅವನಿಗೆ ಸಿಕ್ಕ ಶಿಕ್ಷೆ ಒಂದು ಎಚ್ಚರಿಕೆ, ಆಮೇಲೆ ನಿವೃತ್ತಿ. ಅಲ್ಲಿನ ಬಲಂಗಿಗಾ ಚರ್ಚಿನಿಂದ ಹೊತ್ತೊಯ್ದ ಮೂರು ಗಂಟೆಗಳು ಊರಿಗೆ ವಾಪಸ್ ಬಂದಿದ್ದು 2018ರ ಡಿಸೆಂಬರಿನಲ್ಲಿ.

ಸುಮತ್ತೆ: ಹತ್ತು ವರ್ಷದ ಮಕ್ಕಳಾ? ದೇವರೇ.

ದೊಡ್ಡಪ್ಪ: ಯುದ್ಧದಲ್ಲಿ ಇಂಥದ್ದು ಆಗುತ್ತದೆ. ಆದರೆ ಶಾಲೆ ಕಟ್ಟಿದ್ದು ಸುಳ್ಳಾ? ಅನು ಅಲ್ಲಿ ಇಂಗ್ಲಿಷಿನಲ್ಲಿ ಡಾಕ್ಟರ್ ಓದುತ್ತಿರುವುದು ಯಾರಿಂದ?

ನಾನು: ಶಾಲೆ ನಿಜ. 1901ರಲ್ಲಿ ಒಂದೇ ಹಡಗಿನಲ್ಲಿ 500ಕ್ಕೂ ಜಾಸ್ತಿ ಅಮೆರಿಕನ್ ಮೇಷ್ಟ್ರುಗಳು ಬಂದರು. ಕೆಲವರು ಅಲ್ಲೇ ಕಾಯಿಲೆ ಬಿದ್ದು ಸತ್ತರು. ಅವರ ಶ್ರಮವನ್ನು ನಾನು ಗೌರವಿಸುತ್ತೇನೆ. 1908ರಲ್ಲಿ ವಿಶ್ವವಿದ್ಯಾಲಯವೂ ಆಯಿತು. ಆದರೆ ಆ ಹಡಗು ಬಂದಾಗ ಸಮರ್‌ನಲ್ಲಿ ಯುದ್ಧ ಇನ್ನೂ ಮುಗಿದಿರಲಿಲ್ಲ. ಶಾಲೆಯನ್ನು ಹೇಳಿ ಯುದ್ಧವನ್ನು ಬಿಡಬೇಡಿ ಅನ್ನುತ್ತಿದ್ದೇನೆ ಅಷ್ಟೆ.

ಭಾವ (ನ್ಯೂಜೆರ್ಸಿ): ಆದರೂ ಕೊಟ್ಟ ಮಾತು ಉಳಿಸಿಕೊಂಡಿತಲ್ಲ? 1916ರಲ್ಲೇ ಸ್ವಾತಂತ್ರ್ಯ ಕೊಡುತ್ತೇವೆ ಅಂತ ಕಾನೂನು. 1934ರಲ್ಲಿ ಹತ್ತು ವರ್ಷದ ಗಡುವು. 1935ರಲ್ಲಿ ಅಲ್ಲಿನವರೇ ಆದ ಕೆಸೋನ್ ಅಧ್ಯಕ್ಷ. ನಡುವೆ ಜಪಾನ್ ಬಂದು ಎಲ್ಲ ಹಾಳು ಮಾಡಿತು. 1945ರಲ್ಲಿ ಮನಿಲಾ ಒಂದರಲ್ಲೇ ಸುಮಾರು 1 ಲಕ್ಷ ಜನ ಸತ್ತರು. ಅಷ್ಟಾದರೂ ಮರುವರ್ಷ ಸ್ವಾತಂತ್ರ್ಯ ಕೊಟ್ಟರು. ಅದೇ ಹೊತ್ತಿಗೆ ಇಂಡೋನೇಷ್ಯಾದಲ್ಲಿ ಡಚ್ಚರು, ವಿಯೆಟ್ನಾಂನಲ್ಲಿ ಫ್ರೆಂಚರು ಏನು ಮಾಡುತ್ತಿದ್ದರು ನೋಡು.

ನಾನು: ಇದು ಗಟ್ಟಿ ಮಾತು ಭಾವ, ಡಚ್ಚರ ಹಾಗೆ ಯುದ್ಧಕ್ಕೆ ನಿಲ್ಲಲಿಲ್ಲ ನಿಜ. ಆದರೆ 1934ರ ಕಾನೂನಿಗೆ ಒತ್ತಡ ಹಾಕಿದವರಲ್ಲಿ ಅಮೆರಿಕದ ಸಕ್ಕರೆ ಮತ್ತು ಹಾಲಿನ ವ್ಯಾಪಾರದವರು ಇದ್ದರು. ಫಿಲಿಪ್ಪೀನ್ಸಿನ ಸಕ್ಕರೆ, ಕೊಬ್ಬರಿ ಎಣ್ಣೆ ಸುಂಕವಿಲ್ಲದೆ ಬಂದು ತಮಗೆ ನಷ್ಟ ಅಂತ ಅವರ ವಾದ. ಕೂಲಿಗೆ ಬರುವ ಜನರನ್ನೂ ತಡೆಯಬೇಕಿತ್ತು. ಅದೇ ಕಾನೂನು ವರ್ಷಕ್ಕೆ 50 ಜನರಿಗಷ್ಟೇ ಒಳಗೆ ಬರಲು ಬಿಟ್ಟಿತು.

1946ರಲ್ಲಿ ಬರಿ ಸ್ವಾತಂತ್ರ್ಯ ಬರಲಿಲ್ಲ. ಅದೇ ವರ್ಷದ ವ್ಯಾಪಾರ ಕಾನೂನು ಅವರ ಪೆಸೊವನ್ನು ಡಾಲರಿಗೆ ಕಟ್ಟಿತು. ಗಣಿ, ಕಾಡು, ಜಮೀನಿನಲ್ಲಿ ಅಮೆರಿಕನ್ನರಿಗೂ ಅಲ್ಲಿನವರಷ್ಟೇ ಹಕ್ಕು ಬೇಕು ಅಂದರು. ಅದಕ್ಕಾಗಿ ಫಿಲಿಪ್ಪೀನ್ಸಿನವರು ತಮ್ಮ ಸಂವಿಧಾನವನ್ನೇ ತಿದ್ದಬೇಕಾಯಿತು. ಒಪ್ಪದಿದ್ದರೆ 500 ಡಾಲರಿಗಿಂತ ಜಾಸ್ತಿ ಯುದ್ಧ ಪರಿಹಾರ ಇಲ್ಲ. ಸುಟ್ಟುಹೋದ ಊರಿನವರು ಇನ್ನೇನು ಮಾಡಿಯಾರು? ಅಮೆರಿಕದ ಮಿಲಿಟರಿ ನೆಲೆಗಳು 1992ರವರೆಗೂ ಇದ್ದವು. 1991ರಲ್ಲಿ ಅಲ್ಲಿನ ಸೆನೆಟ್ ಬೇಡ ಅಂದ ಮೇಲೇ ಖಾಲಿಯಾಗಿದ್ದು.

ಅನು (ದಾವಾವೊ): ಜುಲೈ 4ರ ವಿಷಯ ಇಲ್ಲಿ ಒಬ್ಬರು ಮೇಡಂ ಹೇಳಿದ್ದರು. 1962ರಲ್ಲಿ ಅಧ್ಯಕ್ಷ ಮಕಪಗಾಲ್ ಸ್ವಾತಂತ್ರ್ಯ ದಿನವನ್ನು ಜೂನ್ 12ಕ್ಕೆ ಬದಲಿಸಿದರಂತೆ. ಅಲ್ಲಿಯವರೆಗೆ ಜುಲೈ 4ನ್ನೇ ಆಚರಿಸುತ್ತಿದ್ದರಂತೆ.

ದೊಡ್ಡಪ್ಪ: ನೋಡು, ಅಂದರೆ 16 ವರ್ಷ ಅವರೇ ಜುಲೈ 4 ಅಂದಿದ್ದರು. ನಾನು ಹೇಳಿದ್ದೂ ಅದೇ.

ಅಪ್ಪ: ಅಣ್ಣ, ಕೊಟ್ಟ ದಿನ ಜುಲೈ 4. ತಾವೇ ಘೋಷಿಸಿದ ದಿನ ಜೂನ್ 12. ಯಾವುದಕ್ಕೆ ಬಾವುಟ ಹಾರಿಸಬೇಕು ಅನ್ನುವುದು ಅವರ ಇಷ್ಟ, ಅಲ್ವಾ?

ದೊಡ್ಡಪ್ಪ: ಇದನ್ನು ವಾಕಿಂಗ್ ಗುಂಪಿಗೂ ಕಳಿಸಿಬಿಟ್ಟಿದ್ದೇನೆ. ಮೆಗೆಲ್ಲನ್ ಸಾಲು ತಿದ್ದಿ, 2 ಕೋಟಿ ಡಾಲರ್ ಮತ್ತು 1899ರ ಯುದ್ಧ ಸೇರಿಸಿ ಮತ್ತೆ ಹಾಕುತ್ತೇನೆ. ಶಾಲೆಯ ಸಾಲು ಮಾತ್ರ ತೆಗೆಯುವುದಿಲ್ಲ.

ನಾನು: ತೆಗೆಯಬೇಡಿ ದೊಡ್ಡಪ್ಪ. "ಒಂದು ತೊಟ್ಟು ರಕ್ತವೂ" ಅನ್ನುವುದನ್ನು ತೆಗೆಯಿರಿ.

ಭಾವ (ನ್ಯೂಜೆರ್ಸಿ): ಇಲ್ಲಿ ರಾತ್ರಿ ತುಂಬಾ ಹೊತ್ತಾಯಿತು. 1916ರ ಮಾತಿನ ವಿಷಯದಲ್ಲಿ ಮಾತ್ರ ನಾನು ಇನ್ನೂ ಒಪ್ಪಿಲ್ಲ.

ನಾನು: ಬೆಳಿಗ್ಗೆ ಎದ್ದು ನೋಡಿ ಭಾವ. ಆ ಕಾನೂನಿನಲ್ಲಿ ವರ್ಷವೇ ಇಲ್ಲ. ಸ್ಥಿರವಾದ ಸರ್ಕಾರ ಒಂದು ಆದ ತಕ್ಷಣ ಬಿಟ್ಟುಕೊಡುತ್ತೇವೆ ಅಂತ ಇದೆ. ಮಲೋಲೋಸ್‌ನಲ್ಲಿ ಇದ್ದ ಸರ್ಕಾರವನ್ನು ಸೈನ್ಯ ಕಳಿಸಿ ಓಡಿಸಿದವರೇ ಆ ಷರತ್ತು ಹಾಕಿದ್ದು.