ಶಿರಸಿಯಿಂದ ಮಂಗಳೂರಿಗೆ ಎರಡು ದಿನ: ಯಾವುದನ್ನು ಬಿಡಬೇಕು?

ಕೆಳಗಿನಮನೆ, ಶಿರಸಿ:

ಅಡಿಕೆಯ ಕೊನೆಕೊಯ್ಲು ಶುರುವಾಗುವುದರೊಳಗೆ ಒಂದು ಶನಿವಾರ-ಭಾನುವಾರ ಮಂಗಳೂರಿಗೆ ಹೋಗಿಬರುವುದು ಅಂತ ಮನೆಯಲ್ಲಿ ಠರಾವಾಗಿದೆ. ಕೊಯ್ಲು ಹತ್ತಿತು ಅಂದರೆ ಅಡಿಕೆ ಬೇಯಿಸಿ ಒಣಗಿಸಿ ಮುಗಿಯುವ ತನಕ ನಮ್ಮನೆಯಿಂದ ಯಾರೂ ಅಲ್ಲಾಡುವ ಹಾಗಿಲ್ಲ. ಹೊರಡುವವರು ನಾವಿಬ್ಬರು, ಅತ್ತೆ, ಆರನೇ ಕ್ಲಾಸಿನ ಮಾಣಿ, ಎರಡನೇ ಕ್ಲಾಸಿನ ಕೂಸು. ಕಾರು ನಮ್ಮದೇ.

ನಮ್ಮನೆಯವರು ಒಂದು ಚೀಟಿ ಮಾಡಿಟ್ಟಿದ್ದಾರೆ: ಉಡುಪಿ, ಮಲ್ಪೆ, ಧರ್ಮಸ್ಥಳ, ಕಟೀಲು, ಪಿಲಿಕುಳ, ಪಣಂಬೂರು, ಸುಲ್ತಾನ್ ಬತ್ತೇರಿ, ಅಲೋಶಿಯಸ್ ಚಾಪೆಲ್. ಅದನ್ನೆಲ್ಲ ಎರಡು ದಿನದಲ್ಲಿ ಮುಗಿಸಿದರೆ ನಾವು ನೋಡುವುದು ಮುಂದಿನ ಲಾರಿಯ ನಂಬರ್ ಪ್ಲೇಟು ಮಾತ್ರ. ನನ್ನ ಆಸೆ ಬೇರೆ. ಮಂಗಳೂರಿನ ಜನ ಹೊತ್ತುಹೊತ್ತಿಗೆ ಏನು ತಿನ್ನುತ್ತಾರೋ ಅದನ್ನು ಆಯಾ ಹೊತ್ತಿಗೇ ಕೂತು ತಿನ್ನಬೇಕು. ಬಿಸಿ ಬನ್ಸು, ಗೋಳಿಬಜೆ, ರಾತ್ರಿ ಗಡ್‌ಬಡ್ ಐಸ್‌ಕ್ರೀಂ.

ತೊಡಕು ಏನೆಂದರೆ, ನಾವು ಸಸ್ಯಾಹಾರಿಗಳು, ಅತ್ತೆಗೆ ಈರುಳ್ಳಿ-ಬೆಳ್ಳುಳ್ಳಿಯೂ ಆಗದು. ಹೋಟೆಲಿನಲ್ಲಿ ನಂಬಬಹುದಾದ ವಸ್ತು ಕಾಫಿ ಒಂದೇ ಅನ್ನುವುದು ಅವರ ಅಭಿಪ್ರಾಯ. ಕೂಸಿಗೆ ಘಟ್ಟದ ತಿರುವಿನಲ್ಲಿ ವಾಂತಿ.

ದೇವಿಮನೆ ಘಟ್ಟ ಇಳಿಯುವುದೋ, ಸಿದ್ದಾಪುರದ ಮೇಲೆ ಹೋಗುವುದೋ? ಉಳಿಯುವುದು ಯಾವ ಕಡೆ? ಆ ಚೀಟಿಯಲ್ಲಿ ಯಾವುದಕ್ಕೆ ಗೀಟು ಎಳೆಯಲಿ?

ಕಾಳಿ ದಂಡೆ, ಕಾರವಾರ:

ಕಾರು ಯಾಕೆ? ನಾವು ಕಾರವಾರದವರು ಈಗ ಸಂಜೆ ವಂದೇ ಭಾರತ್ ಹತ್ತಿದರೆ ರಾತ್ರಿ ಮಲಗುವ ಹೊತ್ತಿಗೆ ಮಂಗಳೂರು ಸೆಂಟ್ರಲ್. ನಡುವೆ ನಿಲ್ಲುವುದು ಉಡುಪಿಯಲ್ಲಿ ಮಾತ್ರ. ಬಂದರಿನ ಕಡೆಯ ಮೀನೂಟದ ಹೋಟೆಲಿಗೆ ಮಧ್ಯಾಹ್ನ ಹನ್ನೆರಡೂವರೆಯೊಳಗೆ ಹೋಗಿ ಕೂತುಬಿಡಿ, ಆಮೇಲೆ ಕುರ್ಚಿಯ ಹಿಂದೆ ಜನ ನಿಂತಿರ್ತಾರೆ. ಕಾಣೆ ಮೀನಿನ ರವಾ ಫ್ರೈ, ಬಂಗುಡೆ ಪುಳಿಮುಂಚಿ. ಅಂಜಲ್ ಅಂದರೆ ನಮ್ಮ ಇಸ್ವಾಣವೇ. ಜೂನ್ 1ರಿಂದ ಜುಲೈ 31ರ ತನಕ ಟ್ರಾಲರ್ ಇಳಿಯುವುದಿಲ್ಲ, ಆಗ ಹೋದರೆ ಐಸಿನ ಮೀನು. ನೀವು ಹೋಗುವ ಹೊತ್ತಿಗೆ ತೊಂದರೆ ಇಲ್ಲ. ಕೋಳಿ ಘೀ ರೋಸ್ಟ್ ಬೇಕಾದರೆ ಮಾತ್ರ ದಾರಿಯಲ್ಲಿ ಕುಂದಾಪುರದಲ್ಲೇ ತಿನ್ನಿ, ಅದು ಹುಟ್ಟಿದ್ದೇ ಅಲ್ಲಿ.

ಶರಾವತಿ ಬದಿ, ಹೊನ್ನಾವರ:

ಮಾರಾಯ್ರೆ, ಸಸ್ಯಾಹಾರಿಗಳು ಅಂತ ಬರೆದಿದ್ದಾರಲ್ಲ! ಅತ್ತೆಗೆ ಈರುಳ್ಳಿಯೇ ಆಗ, ನೀವು ಕಾಣೆ ಬಡಿಸ್ತಿದ್ದೀರಿ. ಮತ್ತೆ ಶಿರಸಿಯವರು ಆ ರೈಲಿಗೆ ಕಾರವಾರಕ್ಕೆ ಹೋಗುವುದೆಂದರೆ ದಕ್ಷಿಣಕ್ಕೆ ಹೋಗಲು ಉತ್ತರಕ್ಕೆ ಹೊರಟ ಹಾಗೆ.

ಘಟ್ಟದ ವಿಷಯ: ದೇವಿಮನೆಯಲ್ಲಿ ರಸ್ತೆ ಅಗಲ ಮಾಡುವ ಕೆಲಸ ಶುರುವಾದ ಮೇಲೆ ಮಳೆ ಬಂದಾಗೆಲ್ಲ ಬಂದ್ ಆಗಿದ್ದುಂಟು. ಹೊರಡುವ ದಿನ ಬೆಳಿಗ್ಗೆ ಕುಮಟಾ ಬಸ್ಸಿನವರನ್ನು ಕೇಳಿ. ಅನುಮಾನವಿದ್ದರೆ ಸಿದ್ದಾಪುರ, ಮಾವಿನಗುಂಡಿ, ಗೇರುಸೊಪ್ಪೆ ಮೇಲೆ ಹೊನ್ನಾವರಕ್ಕೆ ಇಳಿಯಿರಿ. ಅಲ್ಲೂ ತಿರುವು ಕಡಿಮೆಯಿಲ್ಲ. ಕೂಸನ್ನು ಮುಂದಿನ ಸೀಟಿನ ಹತ್ತಿರ ತನ್ನಿ, ಮೊಬೈಲ್ ಕೊಡಬೇಡಿ, ಹೊಟ್ಟೆ ತುಂಬ ತಿನ್ನಿಸಿ ಹೊರಡಬೇಡಿ.

ಬಾಡಿಗೆಮನೆ, ಮಂಗಳೂರು:

ನಾನು ಮೂಲ ಅಂಕೋಲೆ, ಕೆಲಸಕ್ಕೆಂದು ಇಲ್ಲಿಗೆ ಬಂದು ಇಲ್ಲೇ ಉಳಿದವನು. ನೆಂಟರು ಬಂದಾಗೆಲ್ಲ ಇದೇ ಚೀಟಿ ತರುತ್ತಾರೆ. ಮೊದಲು ಧರ್ಮಸ್ಥಳಕ್ಕೆ ಗೀಟು ಹೊಡೆಯಿರಿ, ಅದು ಬೇರೆಯೇ ದಿಕ್ಕು, ಪೂರ್ತಿ ಒಂದು ದಿನ ನುಂಗುತ್ತದೆ. ಉಡುಪಿ-ಮಲ್ಪೆಯೂ ಬೇಡ, ಶಿರಸಿಯವರಿಗೆ ಅದು ಇನ್ನೊಂದು ಸಲದ ಪ್ರವಾಸ. ಪಣಂಬೂರಿಗೆ ಬದಲಿ ಕೆಳಗೆ ಹೇಳಿದ್ದೇನೆ.

ಶುಕ್ರವಾರ ಮಧ್ಯಾಹ್ನ ಮಕ್ಕಳನ್ನು ಶಾಲೆಯಿಂದ ಬೇಗ ಕರೆದುಕೊಳ್ಳಿ. ಕುಮಟಾದಿಂದ ಇಲ್ಲಿಗೆ ಸುಮಾರು 200 ಕಿ.ಮೀ., ಹೊಳೆಗದ್ದೆ, ಶಿರೂರು, ಸಾಸ್ತಾನ, ಹೆಜಮಾಡಿ ಅಂತ ಟೋಲ್ ಸಾಲು. ಬೆಳಕಿದ್ದರೆ ಮರವಂತೆಯಲ್ಲಿ ಒಂದು ಗಳಿಗೆ ನಿಲ್ಲಿ, ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ. ನೀರಿಗೆ ಇಳಿಯಬೇಡಿ.

ಹಂಪನಕಟ್ಟೆಯ ಆಸುಪಾಸಿನಲ್ಲಿ ಪಾರ್ಕಿಂಗ್ ಇರುವ ಲಾಡ್ಜ್ ನೋಡಿ. ಪೇಟೆಯೊಳಗೆ ಕಾರು ತೆಗೆಯಬೇಡಿ, ರಿಕ್ಷಾ ಸಾಕು. ಬೆಳಗಿನ ತಿಂಡಿ ಅಂದರೆ ಹಳೆಯ ಹೋಟೆಲುಗಳಲ್ಲಿ ಬನ್ಸು. ಬಾಳೆಹಣ್ಣು ಕಿವುಚಿ ಮೈದಾಕ್ಕೆ ಕಲಸಿ ರಾತ್ರಿಯಿಡೀ ಇಟ್ಟ ಹಿಟ್ಟು, ಹೊರಗೆ ಕೆಂಪು, ಒಳಗೆ ಸಿಹಿ. ಬಾಣಲೆಯಿಂದ ಈಗಷ್ಟೇ ತೆಗೆದದ್ದಾದರೆ ತಿನ್ನಿ, ಆರಿದ್ದು ಬೇಡವೇ ಬೇಡ. ಅತ್ತೆಗೆ ನೀರ್ದೋಸೆ-ಕಾಯಿಬೆಲ್ಲ ಹೇಳಿ. ನಮ್ಮ ಕಡೆಯ ತೆಳು ದೋಸೆ ತೆಳ್ಳೇವೇ ವಾಸಿ ಅಂತ ಅವರು ಖಂಡಿತ ಹೇಳುತ್ತಾರೆ, ಹೇಳಲಿ, ಆದರೆ ಎರಡನೇ ಪ್ಲೇಟು ಬೇಡವೆನ್ನಲಿಕ್ಕಿಲ್ಲ. ಪುಣ್ಯವಿದ್ದರೆ ಮೂಡೆಯೂ ಸಿಗುತ್ತದೆ, ಕೇದಿಗೆ ಜಾತಿಯ ಎಲೆಯ ಕೊಳವೆಯಲ್ಲಿ ಬೇಯಿಸಿದ ಇಡ್ಲಿ. ಎಲೆ ಬಿಚ್ಚುವಾಗ ಬರುವ ವಾಸನೆಗೇ ದುಡ್ಡು ಕೊಡಬಹುದು.

ಶನಿವಾರ ತಿಂಡಿ ಮುಗಿಸಿ ಬಾವುಟಗುಡ್ಡೆಗೆ. 1837ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ರೈತರು ಬಾವುಟ ಹಾರಿಸಿದ ಜಾಗ, ಮಾಣಿಯ ಚರಿತ್ರೆ ಪಾಠಕ್ಕಾಯಿತು. ಅಲೋಶಿಯಸ್ ಚಾಪೆಲ್ ಅಲ್ಲೇ. ಇಟಲಿಯ ಆಂಟೋನಿಯೋ ಮೊಸ್ಕೆನಿ 1899ರ ಸುಮಾರಿಗೆ ಬಂದು ಗೋಡೆ, ಮಾಡು ಒಂದೂ ಬಿಡದೆ ಚಿತ್ರ ಬರೆದಿದ್ದಾನೆ. ಭಾನುವಾರ ಪೂಜೆ ಇರುತ್ತದೆ, ಹಾಗಾಗಿ ಶನಿವಾರವೇ ನೋಡಿ. ಆಮೇಲೆ ಕಾರು ತೆಗೆದು ಪಿಲಿಕುಳ. ಮೃಗಾಲಯ, ಕೆರೆಯಲ್ಲಿ ದೋಣಿ, ಮೂರು ಆಯಾಮದ ತಾರಾಲಯ, ಇಷ್ಟರಲ್ಲಿ ಮಕ್ಕಳು ಸುಸ್ತು. ಸೋಮವಾರ ಮೃಗಾಲಯಕ್ಕೆ ರಜೆ, ನಿಮಗೆ ಅದರ ಚಿಂತೆಯಿಲ್ಲ. ಊಟಕ್ಕೆ ಪೇಟೆಗೆ ಬನ್ನಿ. ಕುಚ್ಚಲಕ್ಕಿಯೋ ಬೆಳ್ತಿಗೆಯೋ (ಬಿಳಿ ಅಕ್ಕಿ) ಅಂತ ಕೇಳಿದರೆ ಕುಚ್ಚಲಕ್ಕಿ ಅನ್ನಿ. ಊಟವಾದ ಮೇಲೆ ಮಲಗಿ. ನಿಮಗೆ ಇಲ್ಲಿನ ಬೆವರು ಅಭ್ಯಾಸವಿಲ್ಲ.

ನಾಲ್ಕು ಗಂಟೆಗೆ ಏಳಿ, ಗೋಳಿಬಜೆಯ ಹೊತ್ತು ಅದು. ಮೊಸರು, ಶುಂಠಿ, ಹಸಿಮೆಣಸು. ಸಾಮಾನ್ಯವಾಗಿ ಈರುಳ್ಳಿ ಇರುವುದಿಲ್ಲ, ಆದರೂ ಅತ್ತೆಯ ಸಮಾಧಾನಕ್ಕೆ ಒಂದು ಮಾತು ಕೇಳಿ. ಅಲ್ಲಿಂದ ಸುಲ್ತಾನ್ ಬತ್ತೇರಿ. ಟಿಪ್ಪು ಕಟ್ಟಿಸಿದ ಕಾವಲು ಬುರುಜು, ನೋಡಲು ಹತ್ತು ನಿಮಿಷ ಸಾಕು. ನಿಜವಾದ ಸುಖ ಅಲ್ಲಿಂದ ದೋಣಿ ಹತ್ತಿ ಫಲ್ಗುಣಿ ಹೊಳೆ ದಾಟಿ ತಣ್ಣೀರುಬಾವಿ ಕಡಲಿಗೆ ಹೋಗುವುದು. ಪಣಂಬೂರಿನ ಜಾತ್ರೆಗಿಂತ ಇದು ವಾಸಿ. ಕೊನೆಯ ದೋಣಿ ಎಷ್ಟೊತ್ತಿಗೆ ಅಂತ ಹೋಗುವಾಗಲೇ ಕೇಳಿಕೊಳ್ಳಿ. ದೋಣಿ ಇಲ್ಲದಿದ್ದರೆ ಕೂಳೂರು ಸೇತುವೆ ಸುತ್ತಿ ರಸ್ತೆಯುಂಟು. ಕತ್ತಲಾದ ಮೇಲೆ ತೆಂಗಿನೆಣ್ಣೆ ಹಾಕಿ ಕಲಸಿದ ಚರುಮುರಿ (ಅತ್ತೆಗೆ ಇಲ್ಲ), ಕೊನೆಗೆ ಐಡಿಯಲ್ ಅಥವಾ ಪಬ್ಬಾಸ್‌ನಲ್ಲಿ ಗಡ್‌ಬಡ್. ಇಬ್ಬರು ಮಕ್ಕಳಿಗೆ ಒಂದೇ ಗ್ಲಾಸು ಸಾಕು ಅಂದುಕೊಳ್ಳಬೇಡಿ, ಜಗಳವಾಗುತ್ತದೆ.

ಭಾನುವಾರ ಬೆಳಿಗ್ಗೆ ಬೇಗ ಕದ್ರಿ ಮಂಜುನಾಥ. ಒಳಗಿರುವ ಕಂಚಿನ ಲೋಕೇಶ್ವರನ ಪೀಠದಲ್ಲಿ ಆಳುಪ ಅರಸ ಕುಂದವರ್ಮನ 968ರ ಶಾಸನವಿದೆ, ಅವಸರ ಮಾಡದೆ ನೋಡಿ. ಆಮೇಲೆ ರಥಬೀದಿಯಲ್ಲಿ ಅತ್ತೆಗೆ ಒಂದು ಚೆಂಡು ಮಲ್ಲಿಗೆ. ಹನ್ನೊಂದಕ್ಕೆ ಊರು ಬಿಡಿ, ಬಂದ ದಾರಿ ಹಿಡಿಯದೆ ಕಟೀಲಿಗೆ ಹೋಗಿ. ನಂದಿನಿ ಹೊಳೆಯ ನಡುವೆ ದೇವಸ್ಥಾನ, ಮಧ್ಯಾಹ್ನ ಪ್ರಸಾದದ ಊಟ, ಅತ್ತೆ ಇಡೀ ಪ್ರವಾಸದಲ್ಲಿ ನಿರ್ಯೋಚನೆಯಿಂದ ಉಣ್ಣುವ ಒಂದು ಎಲೆ. ಅಲ್ಲಿಂದ ಕಿನ್ನಿಗೋಳಿ ಮೇಲೆ ಮೂಲ್ಕಿಗೆ ಬಂದರೆ ಹೆದ್ದಾರಿ, ಮತ್ತೆ ಪೇಟೆಯ ಟ್ರಾಫಿಕ್‌ಗೆ ಸಿಗುವುದಿಲ್ಲ.

ಶರಾವತಿ ಬದಿ, ಹೊನ್ನಾವರ:

ಕಟೀಲು ಅಂದಿದ್ದಕ್ಕೆ ಒಂದು ಮಾತು. ನವೆಂಬರ್ ಹೊತ್ತಿಗೆ ಯಕ್ಷಗಾನ ಮೇಳ ಹೊರಟಿದ್ದರೆ ಆ ಸುತ್ತಿನಲ್ಲಿ ಎಲ್ಲಾದರೂ ಹರಕೆ ಆಟ ಇದ್ದೇ ಇರುತ್ತದೆ. ನಮಗೆಲ್ಲ ಬಡಗಿನದೇ (ಉತ್ತರದ ಶೈಲಿ) ಕಿವಿ. ತೆಂಕಿನ (ದಕ್ಷಿಣದ ಶೈಲಿ) ಚೆಂಡೆಗೆ ಮೊದಲು ಎದೆ ನಡುಗುತ್ತದೆ, ಆದರೆ ರಾಕ್ಷಸ ವೇಷದ ಪ್ರವೇಶ ನೋಡಿದರೆ ಮಾಣಿ ವಾರಗಟ್ಟಲೆ ಮನೆಯಲ್ಲಿ ಕುಣಿಯುತ್ತಾನೆ. ಶನಿವಾರ ರಾತ್ರಿ ಸಿಕ್ಕಿದರೆ ಒಂದು ತಾಸು ನೋಡಿ.

ಕೆಳಗಿನಮನೆ, ಶಿರಸಿ:

ಧರ್ಮಸ್ಥಳ, ಉಡುಪಿ, ಮಲ್ಪೆ, ಪಣಂಬೂರಿಗೆ ಗೀಟು ಬಿತ್ತು. ನಮ್ಮನೆಯವರು ಸಂಜೆಯಿಂದ ಮಾತಾಡಿಲ್ಲ. ಕಟೀಲು ಊಟ ಕೇಳಿದ ಮೇಲೆ ಅತ್ತೆ ಸೀರೆ ಆರಿಸತೊಡಗಿದ್ದಾರೆ. ತೆಳ್ಳೇವಿನ ವಿಷಯವನ್ನು ನೀವು ಬರೆದ ಹಾಗೆಯೇ ಹೇಳಿದರು, ಅಕ್ಷರ ತಪ್ಪಿಲ್ಲ. ಅವರದ್ದು ಒಂದೇ ಪ್ರಶ್ನೆ: ಗಡ್‌ಬಡ್ಡಿನಲ್ಲಿ ಹಾಕುವ ಜೆಲ್ಲಿ ಎಂತದರಿಂದ ಮಾಡುತ್ತಾರೆ?

ಬಾಡಿಗೆಮನೆ, ಮಂಗಳೂರು:

ಜೆಲ್ಲಿ ಹಾಕದೆ ಕೊಡಿ ಅಂತ ಆರ್ಡರ್ ಮಾಡುವಾಗಲೇ ಹೇಳಿಬಿಡಿ, ಹಣ್ಣು-ಗೋಡಂಬಿಯೇ ಬೇಕಾದಷ್ಟಿರುತ್ತದೆ. ಶನಿವಾರ ರಾತ್ರಿ ಒಂಬತ್ತರ ಮೇಲೆ ಹೋದರೆ ಮೇಜು ಸಿಗುವುದಿಲ್ಲ, ಎಂಟಕ್ಕೇ ಹೋಗಿ.

ಕಾಳಿ ದಂಡೆ, ಕಾರವಾರ:

ಯಜಮಾನರು ಮಾತಾಡದಿದ್ದರೆ ನನ್ನ ನಂಬರ್ ಕೊಡಿ, ಕಾಣೆಯ ವಿಷಯ ಅವರಿಗೆ ಬೇರೆ ಹೇಳ್ತೇನೆ.