ಜಿಲ್ಲಾ ಮಟ್ಟದ ಕ್ವಿಜ್‌ಗೆ ಮಗಳನ್ನ ರೆಡಿ ಮಾಡೋದು ಹೆಂಗೆ? ಅನುಭವ ಇರೋರು ಸ್ವಲ್ಪ ಹೇಳಿ

ಗೌರಿಬಿದನೂರು ಅಮ್ಮ:
ಎಲ್ರಿಗೂ ನಮಸ್ಕಾರ. ಮಗಳು ಒಂಬತ್ತನೇ ಕ್ಲಾಸು, ಕನ್ನಡ ಮೀಡಿಯಂ, ಸರ್ಕಾರಿ ಹೈಸ್ಕೂಲು. ಅವಳೂ ಅವಳ ಫ್ರೆಂಡೂ ಸೇರಿ ತಾಲ್ಲೂಕು ಕ್ವಿಜ್‌ನಲ್ಲಿ ಗೆದ್ದುಬಿಟ್ರು, ನಮ್ಗೇ ಆಶ್ಚರ್ಯ. ಈಗ ಚಿಕ್ಕಬಳ್ಳಾಪುರದಲ್ಲಿ ಜಿಲ್ಲಾ ಮಟ್ಟದ್ದು, ಐದು ವಾರ ಟೈಮಿದೆ. ವಿಜ್ಞಾನ, ಸಾಹಿತ್ಯ, ಇತಿಹಾಸ, ಸಂಸ್ಕೃತಿ ಎಲ್ಲಾ ಕೇಳ್ತಾರಂತೆ. ಅವರಪ್ಪ ಬಸ್‌ಸ್ಟ್ಯಾಂಡ್ ಅಂಗಡಿಯಿಂದ ಇಟ್ಟಿಗೆ ಥರ ಒಂದು ಜಿಕೆ ಬುಕ್ಕು ತಂದ್ಕೊಟ್ಟಿದಾರೆ, ಇವಳು ಬೆಳಗ್ಗೆ ಐದಕ್ಕೆ ಎದ್ದು ದೇಶ, ರಾಜಧಾನಿ, ಕರೆನ್ಸಿ ಅಂತ ಉರು ಹೊಡೀತಿದಾಳೆ, ನೋಡಿದ್ರೆ ಅಯ್ಯೋ ಅನ್ಸುತ್ತೆ. ನಾನು ಪಿಯುಸಿವರೆಗೆ ಓದಿರೋಳು. ಏನು ಓದಿಸ್ಬೇಕು, ಹೆಂಗೆ ಓದಿಸ್ಬೇಕು, ಗೊತ್ತಿರೋರು ಹೇಳಿ ಪ್ಲೀಸ್.

ತುಮಕೂರು ಹಳೇ ಬಜರ್:
ಅಕ್ಕ, ಮೊದ್ಲು ಆ ಕರೆನ್ಸಿ ನಿಲ್ಸಿ. ನಾನು ಡಿಗ್ರಿ ಮೂರು ವರ್ಷ ಊರೂರು ಸುತ್ತಿ ಕ್ವಿಜ್ ಆಡಿದೋನು, ಆಮೇಲೆ ಶಾಲೆಗಳಿಗೆ ಕ್ವಿಜ್ ನಡೆಸ್ಕೊಟ್ಟಿದೀನಿ, ಫೈನಲ್‌ನಲ್ಲಿ ಯಾವುದೋ ದೇಶದ ಕರೆನ್ಸಿ ಕೇಳಿದ್ದು ಒಂದು ಕೈ ಬೆರಳಲ್ಲಿ ಎಣಿಸ್ಬೋದು. ಅಂಥವು ಪ್ರಿಲಿಮ್ಸ್ ಪೇಪರಲ್ಲಿ ನಾಲ್ಕೈದು ಬರುತ್ತೆ, ಅಷ್ಟೆ. ಸ್ಟೇಜ್ ಮೇಲೆ ಕೇಳೋದು ದಾರ ಇರೋ ಪ್ರಶ್ನೆ, ಅಂದ್ರೆ ಒಂದು ತುದಿ ಎಳೆದ್ರೆ ಇನ್ನೊಂದು ಬರಬೇಕು ಅಂಥದ್ದು.

ನಿಮ್ಮೂರಿಂದಲೇ ಎಳೀತೀನಿ ನೋಡಿ. ಗೌರಿಬಿದನೂರು ಅಂದ್ರೆ ಉತ್ತರ ಪಿನಾಕಿನಿ. ಹೊಳೆ ದಂಡೇಲಿ ವಿದುರಾಶ್ವತ್ಥ. ಅಲ್ಲಿ 1938ರ ಏಪ್ರಿಲ್ 25ಕ್ಕೆ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನದ ಮೇಲೆ ಪೊಲೀಸ್ರು ಗುಂಡು ಹಾರಿಸಿದ್ರು, ಅದಕ್ಕೇ ಕರ್ನಾಟಕದ ಜಲಿಯನ್‌ವಾಲಾಬಾಗ್ ಅಂತಾರೆ. ಅದೇ ತಿಂಗಳು, ಎರಡು ವಾರ ಮುಂಚೆ, ಮದ್ದೂರು ಹತ್ರ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ಆಗಿತ್ತು. ನಿಜವಾದ ಜಲಿಯನ್‌ವಾಲಾಬಾಗ್ 1919ರ ಏಪ್ರಿಲ್ 13. ಅದನ್ನ ಪ್ರತಿಭಟಿಸಿ ಟಾಗೋರ್ ಬ್ರಿಟಿಷರು ಕೊಟ್ಟಿದ್ದ ಸರ್ ಪದವಿ ವಾಪಸ್ ಮಾಡಿದ್ರು. ಟಾಗೋರ್‌ಗೆ ನೊಬೆಲ್ 1913, ಸಾಹಿತ್ಯಕ್ಕೆ. ವಿಜ್ಞಾನದಲ್ಲಿ ನಮಗೆ ಮೊದಲು ತಂದೋರು ಸಿ.ವಿ. ರಾಮನ್, 1930. ರಾಮನ್ ಎಫೆಕ್ಟ್ ನೆನಪಿಗೆ ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ. ಇನ್ನೊಂದು ಫೆಬ್ರವರಿ 28ಕ್ಕೆ, 2001ರಲ್ಲಿ, ಕೆಜಿಎಫ್ ಗಣಿ ಮುಚ್ಚಿದ್ರು. ಇತಿಹಾಸ, ಸಾಹಿತ್ಯ, ವಿಜ್ಞಾನ ಮೂರೂ ಬಂತು, ಪಕ್ಕದ ಜಿಲ್ಲೆಗೂ ಹೋಗಿ ಬಂದ್ವಿ, ಶುರು ಮಾಡಿದ್ದು ನಿಮ್ಮೂರ ಹೊಳೆಯಿಂದ. ಇದನ್ನ ಕತೆ ಥರ ಒಂದ್ಸಲ ಹೇಳಿ, ಮಾರನೇ ದಿನ ಅವಳಿಂದ ಹೇಳಿಸಿ, ಮರೆಯಲ್ಲ.

ಕೆಜಿಎಫ್ ಅಂದೆನಲ್ಲ, ನನ್ನ ಗಾಯ ಇರೋದೂ ಅಲ್ಲೇ. ಫೈನಲ್ ಇಯರ್ ಬಿಎಸ್ಸಿ, ಒಂದು ಕಾಲೇಜಿನ ಹಾಲ್‌ನಲ್ಲಿ ಫೈನಲ್. ಬಜರ್ ಅಂದ್ರೆ ಆವಾಗ ಏನು, ಮರದ ಹಲಗೆ ಮೇಲೆ ಕಾಲಿಂಗ್ ಬೆಲ್ ಸ್ವಿಚ್ಚು, ಪಕ್ಕದಲ್ಲಿ ಕೆಂಪು ಬಲ್ಬು, ಎಲೆಕ್ಟ್ರಿಕಲ್ ಅಂಗಡಿಯೋನು ಕೂಡ್ಸಿಕೊಟ್ಟಿದ್ದು. ಕೊನೇ ಪ್ರಶ್ನೆ, ನಾವು ಐದು ಪಾಯಿಂಟ್ ಮುಂದೆ. ಕ್ವಿಜ್ ಮಾಸ್ಟರ್ "ಕೋಲಾರದ ಚಿನ್ನದ ಗಣಿಯ ಆಳದಲ್ಲಿ 1965ರಲ್ಲಿ ಪತ್ತೆಯಾದ..." ಅಂದ್ರು ಅಷ್ಟೇ, ನಾನು ಸ್ವಿಚ್ ಒತ್ತೇಬಿಟ್ಟೆ. ಬಲ್ಬ್ ಹತ್ತಿತು. ಬಾಯಲ್ಲಿ ಏನೂ ಇಲ್ಲ. ಗಣಿ, ಪತ್ತೆ ಅಂದ್ರಲ್ಲ, "ಯುರೇನಿಯಂ" ಅಂದೆ. ಮೈನಸ್ ಹತ್ತು. ಆಮೇಲೆ ಪೂರ್ತಿ ಪ್ರಶ್ನೆ ಓದಿದ್ರು: "...ವಾತಾವರಣದಲ್ಲಿ ಹುಟ್ಟಿ, ಇಡೀ ಭೂಮಿಯನ್ನೇ ತೂರಿಕೊಂಡು ಹೋಗಬಲ್ಲ, ಇಟಾಲಿಯನ್ ಭಾಷೆಯಲ್ಲಿ ತಟಸ್ಥವಾದ ಪುಟಾಣಿ ಅಂತ ಅರ್ಥ ಬರೋ ಹೆಸರಿನ ಕಣ ಯಾವುದು?" ನ್ಯೂಟ್ರಿನೋ! ನಂಗೆ ಗೊತ್ತಿದ್ದ ಉತ್ತರ ಸ್ವಾಮಿ, ಫಿಸಿಕ್ಸ್ ಸ್ಟೂಡೆಂಟು ನಾನು. ಪಕ್ಕದಲ್ಲಿ ಕೂತಿದ್ದ ಪಾರ್ಟ್‌ನರ್ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನೋವರೆಗೂ ಒಂದ್ ಮಾತೂ ಆಡ್ಲಿಲ್ಲ. ಹಂಗಾಗಿ ಮಗಳಿಗೆ ಇದೊಂದು ಹೇಳಿ, ಪ್ರಶ್ನೆ ಅರ್ಧ ಕೇಳಿ ಬಜರ್ ಮೇಲೆ ಕೈ ಇಡೋದು ಬೇಡ, ನಾನು ಕ್ವಿಜ್ ಮಾಡುವಾಗ ಉತ್ತರದ ಸುಳಿವನ್ನ ಯಾವಾಗ್ಲೂ ಪ್ರಶ್ನೆಯ ಬಾಲದಲ್ಲೇ ಇಡ್ತೀನಿ, ಸುಮಾರು ಜನ ಹಂಗೇ ಮಾಡ್ತಾರೆ.

ಕೆಜಿಎಫ್ ಮೊಮ್ಮಗ:
ಗುರುಗಳೇ ಯುರೇನಿಯಂ ಅಂದ್ರಾ 😀 ನಮ್ಮ ತಾತ ಇದ್ದಿದ್ರೆ ಬೈತಿದ್ರು. ಅವ್ರು ಗಣೀಲಿ ಕೆಲಸ ಮಾಡ್ದೋರು. ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಆ ಪ್ರಯೋಗ ಯಾಕ್ ಮಾಡಿದ್ರು ಅನ್ನೋದು ಕೇಳಿದ್ರೆ ಏನ್ ಹೇಳ್ತಾಳೆ ಹುಡುಗಿ? ಮೇಲಿಂದ ಸುರಿಯೋ ಕಾಸ್ಮಿಕ್ ಕಿರಣಗಳನ್ನೆಲ್ಲ ಅಷ್ಟು ದಪ್ಪ ಬಂಡೆ ತಡೆದುಬಿಡುತ್ತೆ, ನ್ಯೂಟ್ರಿನೋ ಮಾತ್ರ ತೂರಿಕೊಂಡು ಬರುತ್ತೆ, ಗದ್ದಲ ಇಲ್ಲದ ಜಾಗ ಬೇಕಿತ್ತು ಅವ್ರಿಗೆ. ಮುಂಬೈನ ಟಾಟಾ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನೋರ ಜೊತೆ ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ಯೂನಿವರ್ಸಿಟಿಯೋರೂ ಇದ್ರು.

ಕೆಜಿಎಫ್ ಮೇಲೆ ಇನ್ನೆರಡು ಗ್ಯಾರಂಟಿ ಬರುತ್ತೆ. 1902ರಲ್ಲಿ ಶಿವನಸಮುದ್ರದಿಂದ ಕರೆಂಟ್ ಬಂದಿದ್ದು ಮೊದ್ಲು ನಮ್ಮೂರಿಗೆ, ಬೆಂಗಳೂರಿಗೆ 1905ರಲ್ಲಿ. ಇನ್ನೊಂದು, ನಮ್ಮೂರಲ್ಲಿ ಸೈನೈಡ್ ದಿಬ್ಬ ಅಂತಾರಲ್ಲ ಆ ಬೂದಿ ಬಣ್ಣದ ಗುಡ್ಡಗಳು, ಅದ್ಯಾಕೆ ಸೈನೈಡ್? ಅರೆದ ಕಲ್ಲಿನ ಪುಡಿಯಿಂದ ಚಿನ್ನ ಕರಗಿಸಿ ಬಿಡಿಸ್ಕೊಳೋಕೆ ಸೈನೈಡ್ ದ್ರಾವಣ ಬಳಸ್ತಿದ್ರು, ಉಳಿದ ಪುಡಿ ಗುಡ್ಡ ಆಯ್ತು. ಗಾಳಿ ಕಾಲದಲ್ಲಿ ಆ ಧೂಳು ಮನೆ ಒಳಗೆಲ್ಲ ಬರ್ತಿತ್ತು, ಅದು ಬೇರೆ ಕತೆ ಬಿಡಿ.

ತಿಪಟೂರು ಕಾಯಿ:
ನಂದು ಸ್ವಲ್ಪ ಉಲ್ಟಾ ಅಭಿಪ್ರಾಯ. ಉರು ಹೊಡಿಯೋದೇ ಬೇಡ ಅಂದ್ರೆ ರ್‍ಯಾಪಿಡ್ ಫೈರ್‌ನಲ್ಲಿ ಮುಳುಗ್ತಾಳೆ, ಅರವತ್ತು ಸೆಕೆಂಡಲ್ಲಿ ದಾರ ಎಳ್ಕೊಂಡು ಕೂರೋಕಾಗಲ್ಲ. ಕೆಲವು ಪಟ್ಟಿ ನಾಲಿಗೆ ತುದೀಲಿ ಇರ್ಲೇಬೇಕು. ಕನ್ನಡದ ಎಂಟು ಜ್ಞಾನಪೀಠ: ಕುವೆಂಪು, ಬೇಂದ್ರೆ, ಕಾರಂತ, ಮಾಸ್ತಿ, ಗೋಕಾಕ್, ಅನಂತಮೂರ್ತಿ, ಗಿರೀಶ್ ಕಾರ್ನಾಡ್, ಕಂಬಾರ. ನಾನು "ಕು-ಬೇ-ಕಾ-ಮಾ-ಗೋ-ಅ-ಗಿ-ಕಂ" ಅಂತ ಮಗ್ಗಿ ಥರ ಹೇಳ್ಕೊಡ್ತಿದ್ದೆ. ಅದ್ರಲ್ಲೂ ಗುಂಡಿ ಇದೆ: ಕುವೆಂಪು ಅವ್ರ 1967ರದ್ದು ಗುಜರಾತಿ ಕವಿ ಉಮಾಶಂಕರ ಜೋಶಿ ಜೊತೆ ಹಂಚಿಕೊಂಡಿದ್ದು, ಬೇಂದ್ರೆಯೋರ 1973ರದ್ದು ಒಡಿಯಾದ ಗೋಪಿನಾಥ ಮೊಹಾಂತಿ ಜೊತೆ. "ಯಾರ ಜೊತೆ" ಅಂತ ಕೇಳಿದ್ರೆ ಪಟ್ಟಿ ಕಲ್ತೋರು ಬಾಯಿ ಬಾಯಿ ಬಿಡ್ತಾರೆ. ಮತ್ತೆ ಮೂವರು ರಾಷ್ಟ್ರಕವಿಗಳು, ಗೋವಿಂದ ಪೈ, ಕುವೆಂಪು, ಜಿಎಸ್ಸೆಸ್ (ಜಿ.ಎಸ್. ಶಿವರುದ್ರಪ್ಪ). ಧಾತುಗಳ ಚಿಹ್ನೆಯಲ್ಲಿ ಹೆಸರಿಗೂ ಅಕ್ಷರಕ್ಕೂ ಸಂಬಂಧ ಇಲ್ದಿರೋವು, ಸೋಡಿಯಂ, ಪೊಟ್ಯಾಸಿಯಂ, ಕಬ್ಬಿಣ, ಟಂಗ್‌ಸ್ಟನ್, ಚಿನ್ನ, ಇಷ್ಟು ಸಾಕು.

ಮುಳಬಾಗಿಲು ಮೇಷ್ಟ್ರು:
ತಾಯಿ, ನಾನು ರಿಟೈರ್ಡ್ ಮೇಷ್ಟ್ರು, ಇಪ್ಪತ್ತು ವರ್ಷ ಮಕ್ಕಳನ್ನ ಕ್ವಿಜ್‌ಗೆ ಕರ್ಕೊಂಡು ಹೋಗಿದೀನಿ, ಬಸ್ ಚಾರ್ಜ್ ಕೈಯಿಂದ ಹಾಕ್ಕೊಂಡು. ಮೇಲಿನೋರು ಇಬ್ರು ಹೇಳಿದ್ದೂ ಸರಿ. ನಾನು ಹೇಳೋದು ಆ ಇಟ್ಟಿಗೆ ಬುಕ್ಕಿನ ವಿಚಾರ. ಅದನ್ನ ನಂಬಬೇಡಿ. ಅಂಥ ಬುಕ್ಕುಗಳು ಒಂದನ್ನ ನೋಡಿ ಇನ್ನೊಂದು ಕಾಪಿ ಮಾಡಿರ್ತಾವೆ, ತಪ್ಪೂ ಹಂಗೇ ಸಾಗಿ ಬಂದಿರುತ್ತೆ. ವಿಶ್ವೇಶ್ವರಯ್ಯನೋರ ಹುಟ್ಟಿದ ವರ್ಷ ಒಂದ್ರಲ್ಲಿ 1860, ಇನ್ನೊಂದ್ರಲ್ಲಿ 1861. ದಿನ ಮಾತ್ರ ಎಲ್ಲಾ ಕಡೆ ಸೆಪ್ಟೆಂಬರ್ 15, ಅದೇ ಇಂಜಿನಿಯರ್ಸ್ ಡೇ.

ಅವರ ವಿಷಯದಲ್ಲೇ ನಮ್ಮ ಹುಡುಗಿ ಒಬ್ಬಳಿಗೆ ಅನ್ಯಾಯ ಆಯ್ತು. ಮುದ್ದೇನಹಳ್ಳಿ ಯಾವ ಜಿಲ್ಲೇಲಿದೆ ಅಂತ ಪ್ರಶ್ನೆ. ಚಿಕ್ಕಬಳ್ಳಾಪುರ ಅಂದ್ಲು. ಕೇಳಿದೋರ ಕೈಲಿದ್ದ ಚೀಟೀಲಿ ಕೋಲಾರ ಅಂತಿತ್ತು, ತಪ್ಪು ಅಂದ್ಬಿಟ್ರು. ಹಳೇ ಪುಸ್ತಕ ನೋಡಿ ಬರ್ಕೊಂಡು ಬಂದಿದ್ರು ಪಾಪ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗಿದ್ದು 2007ರಲ್ಲಿ. ನಾನು ಎದ್ದು ಹೇಳೋ ಹೊತ್ತಿಗೆ ಮುಂದಿನ ಪ್ರಶ್ನೆಗೆ ಹೋಗ್ಬಿಟ್ಟಿದ್ರು, ಹುಡುಗಿ ಕಣ್ಣಲ್ಲಿ ನೀರು, ಆಮೇಲೆ ಗೊತ್ತಿದ್ದ ಎರಡು ಉತ್ತರಾನೂ ಬಿಟ್ಲು. ಅವತ್ತಿಂದ ನಮ್ಮ ಮಕ್ಕಳಿಗೆ ಇದನ್ನೂ ಪ್ರಾಕ್ಟೀಸ್ ಮಾಡಿಸ್ತಿದ್ದೆ, ತಕ್ಷಣ ಎದ್ದು ನಿಂತು "ಸಾರ್, ಒಂದ್ ನಿಮಿಷ, 2007ರಲ್ಲಿ ಜಿಲ್ಲೆ ಬೇರೆ ಆಗಿದೆ" ಅಂತ ಮರ್ಯಾದೆಯಿಂದ ಒಂದ್ಸಲ ಹೇಳು, ಒಪ್ಪಿದ್ರೆ ಸರಿ, ಒಪ್ಪಿಲ್ಲಾಂದ್ರೆ ಅಲ್ಲಿಗೆ ಬಿಟ್ಟು ಮುಂದಿನ ಪ್ರಶ್ನೆ ಕೇಳಿಸ್ಕೋ ಅಂತ.

ಸಾಹಿತ್ಯಕ್ಕೆ ದೂರ ಹೋಗ್ಬೇಡಿ. ಡಿವಿಜಿ ನಮ್ಮ ಮುಳಬಾಗಿಲಿನೋರು, 1887. ಕಗ್ಗ ಬಂದಿದ್ದು 1943, ಪದ್ಯ 945. ಮಾಸ್ತಿಯೋರು ಮಾಲೂರು ತಾಲ್ಲೂಕಿನೋರು, ಕಾವ್ಯನಾಮ ಶ್ರೀನಿವಾಸ, ಹುಟ್ಟಿದ್ದು 1891ರ ಜೂನ್ 6, ಹೋಗಿದ್ದು 1986ರ ಜೂನ್ 6. ಹುಟ್ಟುಹಬ್ಬದ ದಿನವೇ ತೀರಿಕೊಂಡ ಜ್ಞಾನಪೀಠಿ ಯಾರು ಅಂತ ತಿರುಗಿಸಿ ಕೇಳ್ತಾರೆ. ಬಿಎಂಶ್ರೀ ಹುಟ್ಟಿದ್ದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ಗುಬ್ಬಿ ನಾಟಕ ಕಂಪನಿ 1884ರದ್ದು, ರಾಜ್‌ಕುಮಾರ್ ಅಲ್ಲಿ ಬಣ್ಣ ಹಚ್ಚಿದೋರು. ನಿಮ್ಮ ತಾಲ್ಲೂಕಿನ ಹೊಸೂರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನೋರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದೋರು, ಇವರನ್ನ ಗೌರಿಬಿದನೂರು ಹುಡುಗಿ ಬಿಟ್ರೆ ನಂಗೆ ಬೇಜಾರಾಗುತ್ತೆ.

ಬಾಗೇಪಲ್ಲಿ ಅಣ್ಣ:
ಮೇಡಂ ಮನೇಲಿ ತೆಲುಗಾ? ನಮ್ಮನೇಲೂ ಅದೇ. ಹುಡುಗರು ವಿಷಯ ತೆಲುಗಲ್ಲಿ ಯೋಚನೆ ಮಾಡಿ, ಕನ್ನಡದಲ್ಲಿ ಹುಡುಕಿ, ಇಂಗ್ಲಿಷಲ್ಲಿ ಹೇಳೋ ಹೊತ್ತಿಗೆ ಟೈಮ್ ಮುಗಿದಿರುತ್ತೆ. ವಿಜ್ಞಾನದ ಪದ ಎರಡು ಭಾಷೇಲೂ ಅಕ್ಕಪಕ್ಕ ಬರೆದಿಟ್ಕೊಳೋಕೆ ಹೇಳಿ, ದ್ಯುತಿಸಂಶ್ಲೇಷಣೆ ಅಂದ್ರೆ ಫೋಟೋಸಿಂಥೆಸಿಸ್, ಪಾದರಸ ಅಂದ್ರೆ ಮರ್ಕ್ಯುರಿ. ನನ್ನ ಮಗ ಪಾದರಸ ಗೊತ್ತಿದ್ದೂ ಮರ್ಕ್ಯುರಿ ಅಂದಾಗ ಬುಧ ಗ್ರಹ ಅಂದ್ಕೊಂಡು ಕೂತಿದ್ದ.

ಹಂಗಂತ ತೆಲುಗು ನಷ್ಟ ಅಲ್ಲ. ಕೈವಾರ ತಾತಯ್ಯನೋರು ತೆಲುಗು ಕನ್ನಡ ಎರಡರಲ್ಲೂ ಹಾಡಿದೋರು, ಭಜನೆಗೆ ಹೋಗೋ ಮಕ್ಕಳಿಗೆ ಅದು ಹಂಗೇ ಬರುತ್ತೆ. ಒಂದ್ಸಲ ಪ್ರಶ್ನೆ ಬಂತು, 1868ರ ಆಗಸ್ಟ್ 18ರ ಸೂರ್ಯಗ್ರಹಣವನ್ನ ಗುಂಟೂರಲ್ಲಿ ನೋಡಿದ ಫ್ರೆಂಚ್ ವಿಜ್ಞಾನಿ ಜಾನ್ಸೆನ್ ಸೂರ್ಯನ ಬೆಳಕಲ್ಲಿ ಹಳದಿ ಗೆರೆ ಕಂಡ, ಆ ಅನಿಲಕ್ಕೆ ಆಮೇಲೆ ಸೂರ್ಯನ ಗ್ರೀಕ್ ಹೆಸರೇ ಇಟ್ರು, ಯಾವುದು? ಹೀಲಿಯಂ. ನನ್ನ ಮಗ ಹೇಳಿದ. ಹೆಂಗೋ ಅಂದ್ರೆ, ಗುಂಟೂರು ಅಂದ್ರೆ ಮಾವನ ಮೆಣಸಿನಕಾಯಿ ಲೋಡು, ಆ ಊರಿನ ಹೆಸರು ಪಾಠದಲ್ಲಿ ಬಂದಿದ್ದಕ್ಕೇ ನೆನಪಿತ್ತಪ್ಪ ಅಂದ.

ಚಿಂತಾಮಣಿ:
ಚಂದನದಲ್ಲಿ ಬರೋ ಥಟ್ ಅಂತ ಹೇಳಿ ಹಾಕ್ಕೊಡಿ, ಉತ್ತರ ಬರೋ ಮುಂಚೆ ಮ್ಯೂಟ್ ಮಾಡಿ ಅವಳಿಂದ ಹೇಳಿಸಿ. ಅಷ್ಟೆ, ನಾವು ಇದೇ ಮಾಡಿದ್ದು.

ಗೌರಿಬಿದನೂರು ಅಮ್ಮ:
ಎಲ್ರಿಗೂ ಕೈ ಮುಗೀತೀನಿ. ಹತ್ತು ದಿನ ಆಯ್ತು. ಇಟ್ಟಿಗೆ ಬುಕ್ಕು ಟಿವಿ ಕೆಳಗೆ ಹೋಯ್ತು, ಅವರಪ್ಪಂಗೆ ಸ್ವಲ್ಪ ಕೋಪ. ಹೌದು ಅಣ್ಣ, ನಮ್ಮತ್ತೆ ಹತ್ರ ತೆಲುಗೇ. ಭಾನುವಾರ ವಿದುರಾಶ್ವತ್ಥಕ್ಕೆ ಕರ್ಕೊಂಡು ಹೋಗಿದ್ದೆ, ಎಷ್ಟು ಸಲ ನಾಗರಕಲ್ಲಿಗೆ ಹಾಲೆರೆದು ಬಂದಿದೀವೋ, ಈ ಸಲ ಅವಳು ಹುತಾತ್ಮರ ಸ್ಮಾರಕದ ಮುಂದೆ ನೋಟ್‌ಬುಕ್ ಹಿಡ್ಕೊಂಡು ಅರ್ಧ ಗಂಟೆ ನಿಂತಿದ್ಲು, ನಮ್ಮತ್ತೆ ಬಿಸಿಲಲ್ಲಿ ಗೊಣಗ್ತಾ ಕೂತಿದ್ರು. ಈಗ ಅವಳು ದಿನಾ ಎರಡು ಪ್ರಶ್ನೆ ತಾನೇ ಬರೆದು ಫ್ರೆಂಡ್‌ಗೆ ಕೇಳ್ತಾಳೆ. ನಿಮಗೂ ಒಂದು ಕೇಳು ಅಂದ್ಲು: "ನೆಲ್ಲೂರು ಕಡೆಗೆ ಒಂದು, ಕಡಲೂರು ಕಡೆಗೆ ಒಂದು, ನಂದಿ ಬೆಟ್ಟದ ಸಾಲಲ್ಲಿ ಹುಟ್ಟಿ ಶಿವನ ಬಿಲ್ಲಿನ ಹೆಸರು ಇಟ್ಕೊಂಡು ಸಮುದ್ರ ಸೇರೋ ಎರಡು ಹೊಳೆ ಯಾವು?"

ತುಮಕೂರು ಹಳೇ ಬಜರ್:
ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ. ಶಿವನ ಬಿಲ್ಲು ಪಿನಾಕ, ಭಲೇ! ಆದ್ರೆ ಪುಟ್ಟಿ, ನೆಲ್ಲೂರು ಕಡಲೂರು ಪ್ರಶ್ನೆ ಬಾಲಕ್ಕೆ ಹಾಕು. ನಾನು ನೆಲ್ಲೂರು ಅಂದ ತಕ್ಷಣಾನೇ ಒತ್ಬಿಟ್ಟಿದ್ದೆ.