ನಕ್ಷತ್ರದೊಳಗೆ ದೊಡ್ಡ ಬಲ್ಬು ಬೇಡ

ಮಗಳೇ, ನೀನು ಬೆಳಿಗ್ಗೆ ಗ್ರೂಪ್‌ನಲ್ಲಿ ಕೇಳಿದ್ದನ್ನು ಈಗ ನೋಡಿದೆ. ಸಂಡೇ ಸ್ಕೂಲಿನ ಕ್ರಿಸ್‌ಮಸ್ ನಾಟಕಕ್ಕೆ ಬಿದಿರಿನ ನಕ್ಷತ್ರ ಮಾಡುತ್ತಿದ್ದೀಯ. ಹಿಂದಿನ ಬೆಂಚಿನವರಿಗೂ ಕಾಣಲಿ, 100 ವ್ಯಾಟ್ ಬಲ್ಬು ಹಾಕು ಅನ್ನುತ್ತಿದ್ದಾರೆ. ಕಾಗದ ಸುಡುತ್ತದಾ ಅಂತ ನಿನಗೆ ಹೆದರಿಕೆ, ಅಲ್ವಾ? ಸುಡುತ್ತದೆ. ಹಾಕಬೇಡ.

ಬೆಟಗೇರಿ ಚಿಕ್ಕಪ್ಪ ನಿಮಗೆಲ್ಲ ಗೊತ್ತಲ್ಲ. 1974ರ ನಾಟಕಕ್ಕೆ ನಕ್ಷತ್ರ ಅವರದೇ. ಮೇದಾರ ಓಣಿಯಿಂದ ಬಿದಿರು ತಂದು, ಸೀಳಿ, ಮಗ್ಗದ ನೂಲಿನಿಂದ ಬಿಗಿದಿದ್ದರು. ಹಳದಿ ಗಾಳಿಪಟದ ಕಾಗದ, ಒಳಗೆ 25ರ ಬಲ್ಬು. ಎಳೆದರೆ ತಂತಿಯ ಮೇಲೆ ಜಾರಿ ಬಂದು ಕೂಸು ಯೇಸುವಿನ ಗೋದಲಿಯ ಮೇಲೆ ನಿಲ್ಲುತ್ತಿತ್ತು. ನಿಮ್ಮಪ್ಪನಿಗೆ ಆಗ ಏಳು ವರ್ಷ. ಪಾತ್ರ ಸಿಗಲಿಲ್ಲ ಅಂತ ಅತ್ತಿದ್ದ. ಬೈಬಲಿನ ಮತ್ತಾಯನ ಸುವಾರ್ತೆಯ ಎರಡನೇ ಅಧ್ಯಾಯದಲ್ಲಿ, ನಕ್ಷತ್ರ ನೋಡಿ ಕೂಸನ್ನು ಹುಡುಕಿ ಬಂದ ಜೋಯಿಸರು ಮೂವರು ಅಂತ ಎಲ್ಲೂ ಇಲ್ಲ, ಮೂರು ಇರುವುದು ಕಾಣಿಕೆ ಅಂತ ಹೇಳಿ ಚರ್ಚಿನ ಅಯ್ಯನವರು ಅವನನ್ನು ನಾಲ್ಕನೇ ಜೋಯಿಸ ಮಾಡಿದರು. ಹತ್ತಿಯ ಗಡ್ಡ ಅಂಟಿಸಿದ್ದು ನಾನೇ.

ಬೆಳಕು ಸಾಲದು ಅಂತ ಯಾರೋ ದೊಡ್ಡವರು ಕೊನೇ ಗಳಿಗೆಯಲ್ಲಿ 100ರ ಬಲ್ಬು ಹಾಕಿದ್ದರು. ಚಿಕ್ಕಪ್ಪನಿಗೆ ಹೇಳಿರಲಿಲ್ಲ. ಮೊದಲು ವಾಸನೆ ಬಂತು. ಆಮೇಲೆ ಕಾಗದದ ಮೇಲೆ ಕಂದು ಕಲೆ, ಸೀದ ದೋಸೆಯ ಹಾಗೆ, ನಡುವೆ ತೂತು. ನೋಡುನೋಡುತ್ತಲೇ ಉರಿ. ಒಂದು ಚೂರು ನಿಮ್ಮಪ್ಪನ ಗಡ್ಡದ ಮೇಲೆ ಬಿತ್ತು. ಹತ್ತಿ ಭಗ್ ಅಂತು. ಚಿಕ್ಕಪ್ಪ ಹಾರಿ ಬಂದು ಬರಿಗೈಯಿಂದ ಕಿತ್ತೆಸೆದರು. ನಿಮ್ಮಪ್ಪನ ಗದ್ದದ ಕೆಳಗೆ ಗುರುತು ಇವತ್ತಿಗೂ ಇದೆ. ಚಿಕ್ಕಪ್ಪನ ಹೆಬ್ಬೆರಳು ಕೊನೆಯವರೆಗೂ ಪೂರ್ತಿ ಮಡಚಲಿಲ್ಲ.

ಅದಕ್ಕೇ ಇನ್ನೊಂದು ಸಲ ಹೇಳುತ್ತೇನೆ. ಯಾರೇ ಹೇಳಲಿ, ದೊಡ್ಡ ಬಲ್ಬು ಬೇಡ.

ಆದರೆ ಆವತ್ತು ಬೈಸಿಕೊಂಡವರು ಯಾರು? ಚಿಕ್ಕಪ್ಪನೇ. ಅವನ ನಕ್ಷತ್ರದಿಂದಲೇ ಹೀಗಾಯಿತು ಅಂದರು. ಬಲ್ಬು ಬದಲಿಸಿದವರು ತುಟಿ ಬಿಚ್ಚಲಿಲ್ಲ. ಮುಂದಿನ ವರ್ಷ ಅಂಗಡಿಯಿಂದ ತಗಡಿನ ನಕ್ಷತ್ರ ಬಂತು. ಚಿಕ್ಕಪ್ಪ ಕೈಗೆ ಕರವಸ್ತ್ರ ಸುತ್ತಿಕೊಂಡು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಅವರ ಮಣ್ಣಿಗೆ ಊರೇ ಬಂತು, ಹಾರ ತಂದರು. ತಪ್ಪು ನಮ್ಮದು ಅನ್ನುವ ಒಂದು ಮಾತು ಮಾತ್ರ ಯಾರ ಬಾಯಿಂದಲೂ ಬರಲಿಲ್ಲ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಅಯ್ಯೋ, ನೀನು ಕೇಳಿದ್ದೇ ಉಳಿಯಿತು. 9 ವ್ಯಾಟಿನ ಎಲ್‌ಇಡಿ ಹಾಕು. ಹಳೇ 60ರ ಬಲ್ಬಿನಷ್ಟು ಬೆಳಕು ಬರುತ್ತದೆ, ಬಿಸಿ ಜಾಸ್ತಿ ಇರುವುದಿಲ್ಲ. ಮೂರಡಿಯ ಹತ್ತು ಸೀಳು ತಗೋ. ಐದೈದರಲ್ಲಿ ಎರಡು ನಕ್ಷತ್ರ ಕಟ್ಟಿ, ತುದಿಗೆ ತುದಿ ಸೇರಿಸಿ ಬಿಗಿ. ಒಳಗೆ ಸೀಳುಗಳು ದಾಟುವ ಐದು ಕಡೆ 7 ಇಂಚಿನ ಕಡ್ಡಿ ಕೊಟ್ಟರೆ ಉಬ್ಬಿಕೊಳ್ಳುತ್ತದೆ. ಹೋಲ್ಡರ್ ಸರಿಯಾಗಿ ನಡುವೆ ಇರಲಿ, ತೂಗಾಡಿದರೂ ಕಾಗದಕ್ಕೆ ತಾಗಬಾರದು. ಹಿಂದೆ ಒಂದು ಮೂಲೆಗೆ ಕಾಗದ ಹಚ್ಚಬೇಡ, ಬಿಸಿ ಹೊರಗೆ ಹೋಗಲಿ. ಹಿಂದಿನ ರಾತ್ರಿ ಒಂದು ಗಂಟೆ ಉರಿಸಿ, ಕಾಗದ ಮುಟ್ಟಿ ನೋಡು. ಮಕ್ಕಳಿಗೆ ಹತ್ತಿ ಗಡ್ಡ ಬೇಡ, ಕಾಡಿಗೆಯಲ್ಲಿ ಬರೆ. ಮೈದಾ ಅಂಟು ನಾನೇ ಕಾಯಿಸಿ ಶನಿವಾರ ನಿಮ್ಮಪ್ಪನ ಕೈಯಲ್ಲಿ ಕಳಿಸುತ್ತೇನೆ.